ಹುಳದ ಮನೆಯಲ್ಲಿ ಆರು ತಿಂಗಳು

ನಾನು ಹುಟ್ಟಿದ್ದು ಅರ್ಧ ಮನೆಯಲ್ಲಿ. ಅರ್ಧ ಅಂದರೆ ನಿಜವಾಗಿಯೂ ಅರ್ಧವೇ. ಬೀದಿಯ ಕಡೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಗೆಂದು ಒಂದು ಕತ್ತಲೆ ಮೂಲೆ, ಪಕ್ಕದಲ್ಲಿ ದನ ಕಟ್ಟುವ ಜಾಗ. ಅಲ್ಲಿಗೆ ಮನೆ ಮುಗಿಯುತ್ತಿತ್ತು. ಹಿಂಬಾಗಿಲು ತೆರೆದರೆ ಪಾಯದ ಗುಂಡಿಗಳು, ಗುಂಡಿಗಳ ತುಂಬ ಎಕ್ಕದ ಗಿಡ. ಆ ಗುಂಡಿಗಳಿಗೆ ಕಾರಣ ನಾನೇ. ಅವ್ವ ಮದುವೆಯಾಗಿ ಬಂದ ಎರಡನೇ ವರ್ಷ ತಾತ ಹಳೆಯ ಮನೆಯ ಹಿಂಭಾಗವನ್ನು ಕೆಡವಿಸಿ ಹೊಸದಕ್ಕೆ ಪಾಯ ತೋಡಿಸಿದ್ದನಂತೆ. ಕಲ್ಲು ಬಂದಿತ್ತು, ಮರಳು ಬಂದಿತ್ತು, ಅಷ್ಟರಲ್ಲಿ ಅವ್ವನ ಹೊಟ್ಟೆಗೆ ನಾನು ಬಂದೆ. ಮನೆಯ ಹೆಂಗಸು ಬಸುರಿಯಾಗಿದ್ದಾಗ ಮನೆ ಕಟ್ಟಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಕೆಲಸ ನಿಂತಿತು. ಹೆರಿಗೆಯಾದ ಮೇಲೆ ನೋಡೋಣ ಅಂದರು. ಹೆರಿಗೆಯಾಯಿತು, ಬಾಣಂತನ ಮುಗಿಯಿತು, ಮೇಸ್ತ್ರಿ ಬೇರೆ ಊರಿನ ಕೆಲಸ ಹಿಡಿದ, ಮರಳು ಮಳೆಗೆ ಹರಿದುಹೋಯಿತು, ಕಲ್ಲನ್ನು ಯಾರ್ಯಾರೋ ತಮ್ಮ ಕೊಟ್ಟಿಗೆಗೆಂದು ಎರವಲು ಒಯ್ದರು, ಕೊನೆಗೆ ತಾತನೂ ತೀರಿಕೊಂಡ. ಹನ್ನೆರಡು ವರ್ಷ ಗುಂಡಿಗಳು ಗುಂಡಿಗಳಾಗಿಯೇ ಉಳಿದವು.

ಊರಿಗೆ ನಾವು ಅರ್ಧಮನೆಯವರು. ಶಾಲೆಯಲ್ಲಿ ಮೂವರು ಶೋಭಾ ಇದ್ದೆವು. ಮೇಷ್ಟ್ರು ನನ್ನನ್ನು ಕರೆಯುತ್ತಿದ್ದುದು ಅರ್ಧಮನೆ ಶೋಭಾ ಅಂತ. ಅವ್ವ ಒಂದು ದಿನವೂ ಇದನ್ನು ನನ್ನ ತಲೆಗೆ ಕಟ್ಟಲಿಲ್ಲ. ಆದರೆ ಬೀದಿಯ ಹೆಂಗಸರಿಗೆ ನನ್ನನ್ನು ಕಂಡಾಗಲೆಲ್ಲ ಅದೇ ಮಾತು.

"ನೀನ್ ಉಟ್ಟಕ್ಕೋಗಿ ನಿಮ್ಮವ್ವಂಗೆ ಮನೆ ಇಲ್ದಂಗಾಯ್ತಲ್ಲಮ್ಮಿ."

"ನಾನೇನ್ ಕೇಳ್ಕಂಡ್ ಬಂದ್ನಾ? ನಿಮ್ ಮನೇಲಿ ಮಕ್ಳೇ ಉಟ್ಟಿಲ್ವಾ?" ಎಂದು ನಾನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಬಾಯಿ ನನ್ನದು ಆಗಲೂ ಹೀಗೇ ಇತ್ತು. ಆದರೆ ಮನೆಗೆ ಬಂದು ಅವ್ವ ಆ ಕತ್ತಲೆ ಮೂಲೆಯಲ್ಲಿ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಮುದ್ದೆ ತಿರುವುವುದನ್ನು ಕಂಡರೆ ಆ ಬಾಯಿ ಕಟ್ಟಿಹೋಗುತ್ತಿತ್ತು.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಮತ್ತೆ ಮನೆಗೆ ಕೈ ಹಾಕಿದ. ಈ ಸಲ ಉಳಿದ ಅರ್ಧವನ್ನೂ ಕೆಡವಬೇಕಾಗಿತ್ತು. ಅಂದರೆ ಕೆಲಸ ನಿಂತರೆ ಈ ಸಲ ಅರ್ಧ ಮನೆಯೂ ಇಲ್ಲ. ಕಟ್ಟಿ ಮುಗಿಯುವ ತನಕ ಇರಲಿಕ್ಕೆ ಊರಿನಲ್ಲಿ ಬಾಡಿಗೆಗೆ ಕೊಡುವಂಥ ಮನೆ ಎಲ್ಲಿಂದ ಬರಬೇಕು? ಊರಾಚೆ ನಮ್ಮ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ರೇಷ್ಮೆ ಹುಳ ಸಾಕುವ ಒಂದು ಉದ್ದನೆಯ ಕೋಣೆ ಇತ್ತು. ಮಳವಳ್ಳಿ ಕಡೆಯ ಊರುಗಳಲ್ಲಿ ಅಂಥದ್ದಕ್ಕೆ ಹುಳದ ಮನೆ ಎನ್ನುತ್ತಾರೆ. ನಾವು ಅಲ್ಲಿಗೆ ಹೋದೆವು. ಅಜ್ಜಿ, ಅಂದರೆ ಅಪ್ಪನ ಅವ್ವ, ಮೊದಲು ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಒಳಗೆ ಹೋದಳು; ಆಮೇಲೆ ರಾಗಿ ಕಣಜದ ಮೂಟೆಗಳು, ಬೀಸುವ ಕಲ್ಲು, ಹಾಸಿಗೆ ಸುರುಳಿಗಳು. ಹಳೆಯ ಮನೆಯ ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸಿ ತಂದು, ಹೊರಗೆ ಒಲೆಯ ಮೇಲೊಂದು ಇಳಿಮಾಡು ಮಾಡಿದರು. ನಾನು ಕೊನೆಯಲ್ಲಿ ಬೆಕ್ಕನ್ನು ಚೀಲದಲ್ಲಿ ತಂದೆ. ಅಜ್ಜಿ ಬೆಕ್ಕನ್ನು ವಾಪಸು ಕಳಿಸಿದಳು. ಹುಳ ಇರುವ ಕಡೆ ಬೆಕ್ಕು ಸಲ್ಲದು.

ಹುಳ ಇರುವ ಕಡೆ ಏನೆಲ್ಲ ಸಲ್ಲದು ಎಂಬುದು ಆ ಆರು ತಿಂಗಳಲ್ಲಿ ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಯಿತು. ಕೋಣೆಯ ಎರಡು ಬದಿಗೂ ಬಿದಿರಿನ ಅಟ್ಟಣೆ, ಅಟ್ಟಣೆಯ ತುಂಬ ಅಗಲವಾದ ತಟ್ಟೆಗಳು, ತಟ್ಟೆಗಳಲ್ಲಿ ಸೊಪ್ಪು ಮೇಯುವ ಹುಳ. ಅಟ್ಟಣೆಯ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ನಡುವೆ ಉಳಿದ ಓಣಿಯಂಥ ಜಾಗದಲ್ಲಿ ನಾವು ನಾಲ್ವರು ಮಲಗಬೇಕು; ಮಗ್ಗುಲು ಬದಲಿಸಿದರೆ ಬಟ್ಟಲಿನ ನೀರು ಬೆನ್ನಿಗೆ. ಒಗ್ಗರಣೆ ಹಾಕುವ ಹಾಗಿಲ್ಲ, ಘಾಟು ಹುಳಕ್ಕೆ ಆಗದು. ಊದುಬತ್ತಿ ಇಲ್ಲ, ಅಪ್ಪನಿಗೆ ಬೀಡಿ ಇಲ್ಲ, ನನಗೆ ಮುಖಕ್ಕೆ ಪೌಡರಿಲ್ಲ. ದೇವರಿಗೂ ಬರೀ ಹೂವು. ಮತ್ತು ಎಲ್ಲಕ್ಕಿಂತ ದೊಡ್ಡ ಕಟ್ಟು, ತಿಂಗಳ ಮೂರು ದಿನ ಹೊರಗಾದ ಹೆಂಗಸು ಆ ಹೊಸಿಲು ದಾಟುವ ಹಾಗಿಲ್ಲ. ಮುಟ್ಟಾದವಳ ನೆರಳು ಬಿದ್ದರೆ ಹುಳ ಗೂಡು ಕಟ್ಟದೆ ಕಪ್ಪಾಗಿ ಸಾಯುತ್ತವೆ ಎಂದು ಅಜ್ಜಿ ನಂಬಿದ್ದಳು. ಅವಳು ನಂಬಿದ್ದಳು ಅಂದರೆ ನಾವೂ ನಂಬಬೇಕಾಗಿತ್ತು. ಬೇರೆ ಮನೆಗಳಲ್ಲಿ ಹುಳ ಮನೆಯವರ ಜೊತೆ ಇರುತ್ತವೆ. ನಮ್ಮಲ್ಲಿ ಮನೆಯವರು ಹುಳಗಳ ಜೊತೆ ಇದ್ದೆವು, ಅದೂ ಅವು ದಯಮಾಡಿ ಜಾಗ ಕೊಟ್ಟವು ಎಂಬಂತೆ.

ಅಪ್ಪ ಹಿಡಿದ ಮೇಸ್ತ್ರಿಯ ಹೆಸರು ಮರಿಸ್ವಾಮಿ. ಕೊತ್ತತ್ತಿಯ ಕಡೆಯವನು. ಮಾತು ಕಡಿಮೆ, ಕೆಲಸ ನೆಟ್ಟಗೆ. ಮೊದಲ ತಿಂಗಳಲ್ಲೇ ಗುಂಡಿಗಳು ತುಂಬಿ ಪಾಯ ಎದ್ದಿತು, ಅವ್ವ ಅಪ್ಪ ಇಬ್ಬರೂ ಕೂತು ಪೂಜೆ ಮಾಡಿ ಮುಂಬಾಗಿಲು ನಿಲ್ಲಿಸಿದ್ದೂ ಆಯಿತು. ಅದಾದ ಕೆಲವೇ ವಾರಕ್ಕೆ ಒಂದು ಬೆಳಿಗ್ಗೆ ಸೊಪ್ಪು ಕೊಯ್ಯಲು ಅವ್ವನ ಹಿಂದೆ ತೋಟಕ್ಕೆ ಹೋದೆ. ಅವಳು ಕಾಲುವೆಯ ಏರಿಗೆ ಕೂತು ವಾಂತಿ ಮಾಡುತ್ತಿದ್ದಳು. ನನ್ನನ್ನು ಕಂಡು ಬಾಯಿ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಸೊಪ್ಪಿನ ಹೊರೆಯ ಪಕ್ಕದಲ್ಲಿ ಕೂರಿಸಿದಳು. ನಮ್ಮವ್ವನಿಗೆ ಸುತ್ತಿಬಳಸಿ ಹೇಳುವುದು ಗೊತ್ತಿರಲಿಲ್ಲ.

"ಲೇ ಸೋಬಿ, ನಾನ್ ಬಸ್ರಿ. ಇದು ನಿಂಗ್ ಗೊತ್ತು, ನಂಗ್ ಗೊತ್ತು. ನಿಮ್ಮಪ್ಪಂಗೂ ಗೊತ್ತಿಲ್ಲ. ಅವ್ನ್ ಮಖ ನೋಡುದ್ರೆ ನಿಮ್ಮಜ್ಜಿಗೆ ಗೊತ್ತಾಗೋಯ್ತದೆ."

"ಮನೆ?"

"ಅದ್ಕೇ ಯೋಳ್ತಾ ಇರೋದು. ಮೋಲ್ಡ್ ಬೀಳೋಗಂಟ ಬಾಯ್ ಬುಡ್ಬ್ಯಾಡ. ಮೋಲ್ಡ್ ಬಿದ್ಮೇಲೆ ಯಾರೇನ್ ಅಂದ್ರೂ ತಲೆ ಮ್ಯಾಲೆ ಸೂರಿರ್ತದೆ."

ಮೋಲ್ಡ್ ಅಂದರೆ ತಾರಸಿ. ಅದಕ್ಕಿನ್ನೂ ಮೂರು ನಾಲ್ಕು ತಿಂಗಳಿತ್ತು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು. ಅಪ್ಪನಿಗೂ ಹೇಳದ್ದನ್ನು ಅವ್ವ ನನಗೆ ಹೇಳಿದ್ದಳು. ನಾನು ಹುಟ್ಟಿ ನಿಲ್ಲಿಸಿದ ಮನೆಯನ್ನು ನಾನೇ ನಿಂತು ಕಟ್ಟಿಸುತ್ತೇನೆ ಎಂದು ಅಲ್ಲೇ ಮನಸ್ಸಿನಲ್ಲಿ ಶಪಥ ಮಾಡಿದೆ.

ವಾಂತಿಯನ್ನು ಮುಚ್ಚಿಡುವುದು ಕಷ್ಟವಾಗಲಿಲ್ಲ. ಒಗ್ಗರಣೆಯ ವಾಸನೆಯೇ ಇಲ್ಲದ ಮನೆಯಲ್ಲಿ ಬಸುರಿಗೆ ಹೊಟ್ಟೆ ತೊಳಸುವುದು ಕಡಿಮೆ. ಹುಳಗಳಿಗಾಗಿ ಅಜ್ಜಿ ಮಾಡಿದ ಕಟ್ಟುಗಳು ಅವ್ವನನ್ನು ಕಾಪಾಡಿದವು. ಕಷ್ಟ ಇದ್ದದ್ದು ಆ ಮೂರು ದಿನಗಳದ್ದು. ಸೊಸೆ ಯಾವ ಸಂತೆಗೆ ಹೊರಗಾದಳು, ಮುಂದೆ ಯಾವ ಸಂತೆಗೆ ಆಗಬೇಕು ಎಂಬ ಲೆಕ್ಕ ಅಜ್ಜಿಗೆ ಬಾಯಲ್ಲೇ ಇರುತ್ತಿತ್ತು, ಹುಳದ ಕ್ಷೇಮಕ್ಕಾಗಿ. ಹೊರಗೆ ಕೂರದಿದ್ದರೆ ಗುಟ್ಟು ಬಯಲು. ಅದಕ್ಕೆ ಅವ್ವ ಮಾಡಿದ ಉಪಾಯ ಬಹಳ ಸರಳ. ಆ ದಿನ ಬಂದ ಕೂಡಲೇ ಬೆಳಿಗ್ಗೆ ಎದ್ದು, ಹೊಸಿಲಿನಾಚೆ ನಿಂತು, "ಅತ್ತೆ, ನಾನ್ ವರಗಾದೆ" ಎಂದು ಕೂಗಿ ಹೇಳಿ, ಚಾಪೆ ಚೊಂಬು ತೆಗೆದುಕೊಂಡು ಹೊರಟಳು. ಎಲ್ಲಿಗೆ? ಕಟ್ಟುತ್ತಿದ್ದ ಮನೆಗೆ. ಅಲ್ಲಿ ಸಿಮೆಂಟು ಮೂಟೆ ಇಡಲು ಸೋಗೆಯ ಗುಡಿಸಲೊಂದು ಇತ್ತು. ಗೃಹಪ್ರವೇಶ ಆಗದ ಮನೆ ಬರೀ ಗೋಡೆ, ಅದಕ್ಕೆ ಮೈಲಿಗೆ ಇಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟಳು; ಸಿಮೆಂಟು ಕಾಯಲು ಒಬ್ಬರು ಇದ್ದ ಹಾಗೂ ಆಯಿತು ಅಂದಳು.

ನನ್ನ ಕೆಲಸ ಬುತ್ತಿ ಒಯ್ಯುವುದು. ಹೋದರೆ ಅಲ್ಲಿ ಅವ್ವ ಮೂಲೆಯಲ್ಲಿ ಕೂತಿರುತ್ತಿರಲಿಲ್ಲ. ಇಟ್ಟಿಗೆಯ ರಾಶಿಯ ಮೇಲೆ ರಾಣಿಯ ಹಾಗೆ ಕೂತು ಮರಿಸ್ವಾಮಿಯ ಜೊತೆ ವಾದಕ್ಕಿಳಿದಿರುತ್ತಿದ್ದಳು. ಅಪ್ಪ ಸಿಮೆಂಟಿಗೂ ಕಬ್ಬಿಣಕ್ಕೂ ಭಾರತೀನಗರದ ಕಡೆ ಅಲೆಯುತ್ತಿದ್ದ ಹೊತ್ತು ಅದು. ಅಜ್ಜಿ ಹುಳ ಬಿಟ್ಟು ಬರುತ್ತಿರಲಿಲ್ಲ. ತಿಂಗಳಿಗೆ ಮೂರು ದಿನ ಆ ಮನೆಗೆ ಅವ್ವನೇ ಯಜಮಾನಿ.

"ಅಡ್ಗೆಮನೆಗೆ ಇಲ್ಲೊಂದ್ ಕಿಟ್ಕಿ ಬುಡು ಮೇಸ್ತ್ರಿ. ಬೀದಿ ಕಡೀಕೆ."

"ಯಜಮಾನ್ರು ಇತ್ಲು ಕಡೀಕೆ ಅಂದವ್ರೆ ಕಣವ್ವ."

"ಯಜಮಾನ್ರು ಅಡ್ಗೆ ಮಾಡ್ತಾರಾ?"

ಮರಿಸ್ವಾಮಿ ಕರಣೆಯನ್ನು ನೀರಿಗೆ ಅದ್ದಿ, ಕಟ್ಟಿದ್ದ ಎರಡು ಸಾಲು ಇಟ್ಟಿಗೆ ಬಿಚ್ಚಿದ. ಅವನಿಗೆ ಅವ್ವನ ಮೇಲೆ ಮರ್ಯಾದೆ ಇತ್ತು, ಸ್ವಲ್ಪ ಭಯವೂ ಇತ್ತು. ಎರಡನೇ ತಿಂಗಳು ಅವಳು ಹೋಗಿ ಕೂತಾಗ ಬಚ್ಚಲು ಹಿತ್ತಿಲಿನಿಂದ ಮನೆಯೊಳಗೆ ಬಂತು. ಹೆಂಗಸರು ಬಟ್ಟೆ ಬದಲಿಸಲು ಒಂದು ಸಣ್ಣ ಕೋಣೆ ಹುಟ್ಟಿತು; ಅಪ್ಪ ಅದನ್ನು ಕಂಡು ಇದೇನು ಎಂದಾಗ ಅವ್ವ ಕಣಜಕ್ಕೆ ಅಂದಳು. ಆ ಇಟ್ಟಿಗೆಯ ರಾಶಿಯ ಮೇಲೆ ಅವಳ ಪಕ್ಕದಲ್ಲಿ ಕೂತು ನಾನು ಕಲಿತದ್ದು ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು. ನನಗೆ ಬೇಕಾದ್ದನ್ನು ಕೇಳಲು ದನಿ ತಗ್ಗಿಸಬೇಕಾಗಿಲ್ಲ ಎಂಬುದನ್ನು ಕಲಿತೆ. ಮುಂದೆ ನಾನು ಮೂವತ್ತು ವರ್ಷ ಶಾಲೆಗಳಲ್ಲಿ ಪಾಠ ಮಾಡಿದೆ. ಗಂಡಸರೇ ತುಂಬಿದ್ದ ಎಷ್ಟೋ ಸಭೆಗಳಲ್ಲಿ ಎದ್ದು ಮಾತಾಡಿದೆ. ಮಾತಾಡುವ ಮುಂಚೆ ಒಂದು ಗಳಿಗೆ ಅವ್ವ ಕೂರುತ್ತಿದ್ದ ಭಂಗಿಯಲ್ಲಿ ಕೂರುತ್ತಿದ್ದೆ.

ಹಾಗಂತ ಎಲ್ಲ ನಿರಾಳವಾಗಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿಯ ಜೊತೆ ಕೂತು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದೆ. ಬಸುರಿ ಇರುವ ಮನೆಯಲ್ಲಿ ಗೋಡೆ ಎಬ್ಬಿಸಿದರೆ ಏನಾಗುತ್ತದೆ ಎಂದು ಏನೂ ಅರಿಯದವಳ ಹಾಗೆ ಕೇಳಿದೆ. ಅಜ್ಜಿಯ ಕೈ ನಿಲ್ಲಲಿಲ್ಲ, ತಲೆಯೂ ಎತ್ತಲಿಲ್ಲ.

"ನಾನ್ ಏಳ್ ತಿಂಗ್ಳು ಬಸ್ರಿ. ನಿಮ್ ತಾತ ಕೊಟ್ಗೆ ಕಟ್ತೀನಿ ಅಂತ ಕೂತ. ಬ್ಯಾಡ ಅಂದ್ರೂ ಕೇಳ್ಲಿಲ್ಲ. ಕೊಟ್ಗೆ ಎದ್ದೇಳ್ತು, ಮಗ ಏಳ್ಲಿಲ್ಲ. ಗಂಡು ಮಗ."

ಅವಳು ಅಷ್ಟೇ ಹೇಳಿದ್ದು. ತಾತ ನನ್ನ ಸಲ ಮರುಮಾತಿಲ್ಲದೆ ಕೆಲಸ ನಿಲ್ಲಿಸಿದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಹೋಗಿ ಅವ್ವನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ನಿಮ್ಮಜ್ಜಿ ಆ ಬಸುರಿಯಲ್ಲೂ ಕಲ್ಲು ಮಣ್ಣು ಹೊತ್ತಿದ್ದಳಂತೆ, ನಾನು ಹೊರುವುದಿಲ್ಲ ಅಂದಳು. ಅಷ್ಟು ಹೇಳಿ ಎದ್ದು ಮರಿಸ್ವಾಮಿಯನ್ನು ಕರೆದಳು. ನನಗೆ ಮಾತ್ರ ಅಂದಿನಿಂದ ಅವ್ವನ ಹೊಟ್ಟೆಯ ಕಡೆಯೇ ಕಣ್ಣು. ಗುಟ್ಟು ಇಟ್ಟುಕೊಂಡವಳು ನಾನೂ ಹೌದಲ್ಲ, ಏನಾದರೂ ಆದರೆ ಪಾಲು ನನಗೂ ಬರುತ್ತದೆ.

ಮೂರನೇ ತಿಂಗಳು ಲೆಕ್ಕ ತಪ್ಪಿತು. ಗೋಡೆಗಳು ಮೇಲೇರಿ ನಿಂತಿದ್ದವು, ಇನ್ನು ತಾರಸಿಯೊಂದೇ. ತಾರಸಿಯ ಕಬ್ಬಿಣ ಸಿಮೆಂಟು ಬರಬೇಕಾದದ್ದು ಆ ಬೆಳೆಯ ರೇಷ್ಮೆಗೂಡಿನಿಂದ. ಹುಳ ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಒಂದು ವಾರ ಹಗಲಿರುಳೆನ್ನದೆ ಮೇಯುತ್ತವೆ, ಆಮೇಲೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತವೆ. ಹಣ್ಣಾದ ಹುಳವನ್ನು ಒಂದೊಂದಾಗಿ ಬೆರಳಲ್ಲಿ ಎತ್ತಿ, ಗೂಡು ಕಟ್ಟಲು ಸುತ್ತುಸುತ್ತಾಗಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೇ ಉಗಿದು ಹಾಳು. ಹಣ್ಣಾಗಲು ಇನ್ನೂ ನಾಲ್ಕು ದಿನವಿದೆ ಎಂದು ಎಣಿಸಿ, ಅಷ್ಟರೊಳಗೆ ಮೂರು ದಿನ ಮುಗಿಸಿ ಬರೋಣವೆಂದು ಅವ್ವ "ವರಗಾದೆ" ಎಂದು ಕೂಗಿ ಹೊರಟುಹೋದಳು. ಬಿಸಿಲು ಆ ವಾರ ಏರಿತ್ತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅರ್ಧಕ್ಕರ್ಧ ತಟ್ಟೆಗಳಲ್ಲಿ ಹುಳ ಹಣ್ಣಾಗಿದ್ದವು.

ಕರೆಯೋಣವೆಂದರೆ ಯಾರನ್ನು? ಊರಿನ ಎಲ್ಲರೂ ಒಂದೇ ದಿನ ಮೊಟ್ಟೆ ತಂದವರು, ಎಲ್ಲರ ಮನೆಯಲ್ಲೂ ಅಂದೇ ಹಣ್ಣು. ಶಾಲೆಗೂ ಯಾರೂ ಹೋಗಲಿಲ್ಲ; ಮೇಷ್ಟ್ರ ಮನೆಯಲ್ಲೂ ಹುಳ ಇದ್ದವು. ಅಪ್ಪನ ಬೆರಳು ಒರಟು, ಹುಳ ಎತ್ತಿದರೆ ಜಜ್ಜಿಹೋಗುತ್ತಿದ್ದವು. ಅವನಿಗೆ ಚಂದ್ರಿಕೆ ಹೊರುವ ಕೆಲಸ. ಅಜ್ಜಿಯ ಬಲಗೈ ಗಂಟುನೋವಿನಿಂದ ಊದಿತ್ತು. ಉಳಿದವಳು ನಾನು. ಅಜ್ಜಿ ಒಂದು ತಟ್ಟೆ ಮುಗಿಸುವುದರಲ್ಲಿ ಬೆವೆತುಹೋದಳು.

"ಈಗ್ಲೇ ಆಗ್ಬೇಕಿತ್ತಾ ನಿಮ್ಮವ್ವಂಗೆ? ಅವ್ಳ್ ಕೈ ಇದ್ದಿದ್ರೆ ಸಂಜೆ ಒಳ್ಗೆ ಎಲ್ಲಾ ಎತ್ತಾಕ್ಬುಡೋಳು."

ಬುತ್ತಿ ಒಯ್ಯುವ ನೆಪದಲ್ಲಿ ಅವ್ವನ ಬಳಿ ಓಡಿದೆ. ವಿಷಯ ಕೇಳಿ ಅವಳು ಚಾಪೆ ಸುತ್ತಿಕೊಂಡು ಎದ್ದೇಬಿಟ್ಟಳು.

"ನಡಿ, ಯೋಳ್ಬುಡ್ತೀನಿ. ಉಳ ಓದ್ರೆ ಮೋಲ್ಡೂ ಇಲ್ಲ. ಗುಟ್ ಮಡೀಕಂಡ್ ಏನ್ ಮಾಡಾದು?"

"ಯೋಳುದ್ರೆ ನಾಳಿಂದ ಮೇಸ್ತ್ರಿ ಬರಂಗಿಲ್ಲ. ನೀನ್ ಕೂತ್ಕ. ನಾನ್ ಎತ್ತೀನಿ."

"ಒಬ್ಳೇ?"

"ಒಬ್ಳೇ."

ಅವ್ವ ನನ್ನ ಮುಖ ನೋಡಿದಳು. ಚಾಪೆ ಮತ್ತೆ ಹಾಸಿದಳು. ಯಾರಾದರೂ ನನ್ನನ್ನು ದೊಡ್ಡವಳೆಂದು ಒಪ್ಪಿಕೊಂಡದ್ದು ಅದೇ ಮೊದಲು.

ವಾಪಸು ಬರುವ ದಾರಿಯಲ್ಲಿ ಹೊಟ್ಟೆ ಹಿಂಡಿದ ಹಾಗಾಯಿತು. ಹಿಪ್ಪುನೇರಳೆ ಸಾಲಿನ ನಡುವೆ ಕೂತು ನೋಡಿಕೊಂಡೆ. ನಾನು ಹೊರಗಾಗಿದ್ದೆ. ಮೊದಲ ಸಲ. ಏನಿದು ಎಂದು ಕೇಳುವಷ್ಟು ಎಳೆಯಳಾಗಿರಲಿಲ್ಲ. ಓರಗೆಯ ಇಬ್ಬರಿಗೆ ಆಗಲೇ ಆಗಿತ್ತು, ಅವರ ಸೋದರಮಾವಂದಿರು ಸೊಪ್ಪಿನ ಗುಡಿಸಲು ಹಾಕಿ ಊರಿಗೆಲ್ಲ ಊಟ ಹಾಕಿಸಿದ್ದನ್ನು ಕಂಡಿದ್ದೆ. ಹೇಳಿದರೆ ಈಗಿಂದೀಗಲೇ ಹೊರಗೆ ಕೂರಿಸುತ್ತಾರೆ. ಹುಳ ಎತ್ತಲು ಯಾರೂ ಉಳಿಯುವುದಿಲ್ಲ. ಅವ್ವ ಒಳಗೆ ಬರಲೇಬೇಕು, ಬಂದರೆ ಎಲ್ಲ ಹೇಳಬೇಕು, ಹೇಳಿದರೆ ಮನೆ ಮತ್ತೆ ಗೋಡೆಯಲ್ಲೇ ನಿಲ್ಲುತ್ತದೆ, ಈ ಸಲವೂ ನನ್ನಿಂದಲೇ. ಹೇಳದೆ ಒಳಗೆ ಹೋದರೆ ಹುಳ ಕಪ್ಪಾಗಿ ಸಾಯುತ್ತವೆ. ಆ ಸಾಲಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಯಾವ ದೇವರನ್ನೂ ಬೇಡಿಕೊಳ್ಳಲಿಲ್ಲ, ಬೇಡಿಕೊಳ್ಳಲು ಮೈಲಿಗೆ ಅಡ್ಡಬಂತು. ಕಾಲುವೆಗೆ ಹೋಗಿ ಮೈ ತೊಳೆದು, ಹಗ್ಗದ ಮೇಲೆ ಒಣಗುತ್ತಿದ್ದ ಹಳೆಯ ಪಂಚೆಯೊಂದನ್ನು ಹರಿದು ಕಟ್ಟಿಕೊಂಡು, ಹೊಸಿಲು ದಾಟಿದೆ.

ಮೊದಲ ಹುಳವನ್ನು ಎತ್ತಿದೆ. ಅದು ಬೆರಳ ಮೇಲೆ ತಲೆ ಎತ್ತಿ ಆ ಕಡೆ ಈ ಕಡೆ ನೋಡಿತು. ಸಾಯಲಿಲ್ಲ. ಎರಡನೆಯದೂ ಸಾಯಲಿಲ್ಲ. ಆಮೇಲೆ ಎಣಿಸುವುದನ್ನು ಬಿಟ್ಟೆ. ಅಂದು ಸಂಜೆಯ ತನಕ, ಮರುದಿನ ಇಡೀ, ಅಜ್ಜಿಯನ್ನು ಕೂರಿಸಿ ಎಲ್ಲ ತಟ್ಟೆಗಳ ಹಣ್ಣು ಹುಳವನ್ನೂ ನಾನೇ ಎತ್ತಿದೆ. ಸೊಂಟ ಸೀಳಿಹೋಗುತ್ತಿತ್ತು. ಅಜ್ಜಿ ಪಕ್ಕದಲ್ಲಿ ಕೂತು ನನ್ನ ಬಾಯಿಗೆ ಬೆಲ್ಲದ ಚೂರು ಇಡುತ್ತ, ನಿನ್ನ ಕೈ ಒಳ್ಳೆಯದು, ತಣ್ಣಗಿದೆ, ಹುಳಕ್ಕೆ ಹಿಡಿಸಿದೆ ಎಂದು ಹೊಗಳುತ್ತಿದ್ದಳು. ನಾನು ಬೆಲ್ಲ ಕಚ್ಚಿಕೊಂಡು ಮುಂದಿನ ತಟ್ಟೆಗೆ ಸರಿಯುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಚಂದ್ರಿಕೆಗಳ ಬಳಿ ಹೋಗಿ ನೋಡಿದೆ. ಸುತ್ತುಸುತ್ತಿನಲ್ಲೂ ಹಳದಿ ಗೂಡು, ಒತ್ತಿದರೆ ಕಲ್ಲಿನಂತೆ ಗಟ್ಟಿ. ಅಂಥ ಬೆಳೆ ನಮ್ಮ ಮನೆಯಲ್ಲಿ ಅದುವರೆಗೆ ಬಂದಿರಲಿಲ್ಲ. ಚಂದ್ರಿಕೆಯ ಮುಂದೆ ನಿಂತು ನಾನು ಅತ್ತೆ. ಸಂತೋಷಕ್ಕೂ ಅತ್ತೆ, ಇಷ್ಟು ದಿನ ನಂಬಿದ್ದ ಮಾತು ಸುಳ್ಳಾಯಿತಲ್ಲ ಎಂಬ ಸಿಟ್ಟಿಗೂ ಅತ್ತೆ.

ಗೂಡು ಮಾರುಕಟ್ಟೆಗೆ ಹೋಯಿತು, ಕಬ್ಬಿಣ ಬಂತು, ಇಪ್ಪತ್ತು ಆಳು ಸಾಲಾಗಿ ನಿಂತು ಬಾಂಡ್ಲಿ ದಾಟಿಸಿ ಒಂದೇ ಹಗಲಲ್ಲಿ ಮೋಲ್ಡ್ ಹಾಕಿ ಮುಗಿಸಿದರು. ಎರಡು ದಿನ ಬಿಟ್ಟು, ಅವ್ವ ನಾನು ತಾರಸಿಗೆ ನೀರು ಕಟ್ಟಿ ಕೆಳಗೆ ಇಳಿದಾಗ ಅಜ್ಜಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಅವ್ವ ಖಾಲಿ ಬಿಂದಿಗೆಯನ್ನು ಸೊಂಟದಲ್ಲಿ ಇಟ್ಟುಕೊಂಡೇ ಹೇಳಿದಳು.

"ಅತ್ತೆ, ನಾನ್ ಬಸ್ರಿ. ಐದ್ರಲ್ಲಿ ಅದೆ."

ಅಜ್ಜಿಯ ದವಡೆ ನಿಂತಿತು. ಬೆರಳು ಮಡಿಸಿ ಎಣಿಸಿದಳು. ಎಣಿಸಿ ಮುಗಿದಾಗ ಮುಖ ಬೂದಿಯ ಬಣ್ಣವಾಗಿತ್ತು.

"ಅಂಗಾರೆ ಆ ಮೂರ್ ಮೂರ್ ದಿನ ಕೂತಿದ್ದು?"

"ಸುಳ್ಳು."

"ಉಳಕ್ಕೆ ಮೋಸ, ದೇವ್ರಿಗೆ ಮೋಸ. ನಾನ್ ಕಳ್ಕಂಡಿರೋಳು ಕಣೆ, ನಿಂಗೇನ್ ಗೊತ್ತು. ಗಾರೆ ಬ್ಯಾಡ, ನೆಲ ಬ್ಯಾಡ, ಏನೂ ಬ್ಯಾಡ. ನಾಳಿಂದ ಮೇಸ್ತ್ರಿ ಬರ್ಕೂಡ್ದು. ಇಷ್ಟ್ ಮೋಸ ಮಾಡ್ಕಂಡ್ ಕಟ್ಟಿದ್ ಮನೇಲಿ ಯಾವ್ ಮಗ ಉಳ್ದಾತು?"

ಅವ್ವನ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಉಳ ಅಣ್ಣಾದ್ ದಿನ ನಾನ್ ವರಗಾಗಿದ್ದೆ. ನಿಜ್ವಾಗ್ಲೂ. ಅಂಗೇ ಒಳಕ್ ಬಂದು ಎತ್ತಾಕ್ದೆ. ಎಲ್ಲಾನೂವೆ."

ಬಿಂದಿಗೆ ಅವ್ವನ ಸೊಂಟದಿಂದ ಜಾರಿ ಬಿತ್ತು. ಅವಳು ಅಜ್ಜಿಯನ್ನೂ ಮರೆತು ನನ್ನ ಎರಡೂ ಭುಜ ಹಿಡಿದಳು.

"ಯಾಕಮ್ಮಿ ನಂಗ್ ಯೋಳ್ಲಿಲ್ಲ? ಒಬ್ಳೇ ಏನ್ ಮಾಡ್ಕಂಡೆ?"

"ಯೋಳಿದ್ರೆ ನೀನ್ ಒಳಕ್ ಬರ್ತಿದ್ದೆ."

ಅವ್ವ ಅತ್ತಳು. ಅವಳು ಅತ್ತದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ನನ್ನನ್ನು ಎದೆಗೆ ಒತ್ತಿಕೊಂಡಾಗ ನಡುವೆ ಅವಳ ಹೊಟ್ಟೆ ತಾಗಿತು. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ನನ್ನ ಅಂಗೈಗಳನ್ನು ಬಿಡಿಸಿ ಹಿಂದೆ ಮುಂದೆ ನೋಡಿದಳು.

"ಒಂದೂ ಸಾಯ್ಲಿಲ್ವಾ?"

"ಒಂದೂ ಇಲ್ಲ. ನೀನೇ ನೋಡ್ದಲ್ಲಜ್ಜಿ."

ಅವಳು ಎದ್ದಳು. ಒಳಗೆ ಆಸರೆಗೆ ನಿಲ್ಲಿಸಿದ್ದ ಬಿದಿರು ಗಳುಗಳ ನಡುವೆ ದಾರಿ ಮಾಡಿಕೊಂಡು ಒಂದೊಂದೇ ಕೋಣೆ ಹೊಕ್ಕು ಬಂದಳು. ಅಡುಗೆಮನೆಯ ಕಿಟಕಿಯ ಬಳಿ ನಿಂತದ್ದು ಕಂಡಿತು. ಅಲ್ಲಿಂದಲೇ ಕೇಳಿದಳು.

"ಗಾರೆಗೆ ಮರಳು ಯಾವತ್ತು ಬತ್ತದಂತೆ?"

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾರೆಯಾಯಿತು, ನೆಲವಾಯಿತು, ಅವ್ವ ಏಳರಲ್ಲಿ ಇದ್ದಾಗ ನಾವು ಹುಳದ ಮನೆ ಬಿಟ್ಟು ಬಂದೆವು. ಹಾಲು ಉಕ್ಕಿಸಿದ್ದು ಅಜ್ಜಿ. ಅವ್ವ ಪಕ್ಕದಲ್ಲಿ ನಿಂತಿದ್ದಳು ಅಷ್ಟೆ, ಹಾಗೆ ಮಾಡಿದರೆ ಕಟ್ಟಳೆ ಮುರಿದ ಹಾಗಲ್ಲ ಎಂಬುದು ಅಜ್ಜಿಯ ಹೊಸ ತೀರ್ಪು. ನನ್ನ ತಂಗಿ ಅದೇ ಮನೆಯಲ್ಲಿ ಗುಂಡುಗುಂಡಾಗಿ ಹುಟ್ಟಿದಳು. ಈಗಲೂ ಆ ಮನೆಯಲ್ಲಿ ಇರುವವಳು ಅವಳೇ.

ಆದರೆ ಗಾರೆಯ ಮರಳಿಗೂ ಮುಂಚೆ ಅಜ್ಜಿಗೆ ಇನ್ನೊಂದು ಕೆಲಸ ಉಳಿದಿತ್ತು. ಮೊಮ್ಮಗಳು ದೊಡ್ಡವಳಾದದ್ದು ಊರಿಗೆ ಗೊತ್ತಾಗಬೇಕು, ಸೋದರಮಾವ ಗುಡಿಸಲು ಹಾಕಬೇಕು. ಆಗಿ ತಿಂಗಳಾಗಿದೆ, ಆ ಮೈಯಲ್ಲೇ ಹುಳ ಎತ್ತಿದ್ದಾಳೆ ಎಂದು ಹೇಳುವ ಹಾಗಿಲ್ಲ. ಹುಡುಗಿ ಯಾವ ನಕ್ಷತ್ರದಲ್ಲಿ ನೆರೆದಳು ಎಂಬುದರ ಮೇಲೆ ಅವಳ ಬಾಳೆಲ್ಲ ನಿಂತಿರುತ್ತದೆ ಎಂದು ನಂಬುವ ಊರು ಅದು. ಅಜ್ಜಿ ಗೋಡೆಯ ಕ್ಯಾಲೆಂಡರು ಇಳಿಸಿ ತಂದು, ಯಾವ ವಾರ, ಯಾವ ತಿಥಿ, ಯಾವ ನಕ್ಷತ್ರ ಎಂದು ನನ್ನಿಂದಲೇ ಗಟ್ಟಿಯಾಗಿ ಓದಿಸಿದಳು. ಸೋಮವಾರ ಬೇಡ ಅಂದಳು, ಮಂಗಳವಾರದ ಮಾತೇ ಇಲ್ಲ. ಕೊನೆಗೆ ಮುಂದಿನ ಗುರುವಾರ ಬೆಳಿಗ್ಗೆ ನಾನು ದೊಡ್ಡವಳಾಗಬೇಕು ಎಂದು ತೀರ್ಮಾನವಾಯಿತು.

ಗುರುವಾರ ಬಂತು, ನಾನು ದೊಡ್ಡವಳಾದೆ. ಹೊಸ ಮನೆಯ ಗಾರೆ ಕಾಣದ ನಡುಮನೆಯಲ್ಲಿ ಮಾವ ಹಸಿ ಸೊಪ್ಪಿನ ಗುಡಿಸಲು ಹಾಕಿದ. ನನ್ನನ್ನು ಒಳಗೆ ಕೂರಿಸಿ, ಬಾಯಿಗೆ ಎಳ್ಳು ಬೆಲ್ಲದ ಚಿಗಳಿ ಉಂಡೆ ಕೊಟ್ಟರು. ಅವ್ವ ತುಂಬಿಕೊಂಡ ಹೊಟ್ಟೆಯನ್ನು ಇನ್ನು ಮುಚ್ಚದೆ ಓಡಾಡುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಬಂದರು, ಕಿಟಕಿ ನೋಡಿದರು, ಬಚ್ಚಲು ನೋಡಿದರು, ಆಮೇಲೆ ಅಜ್ಜಿಯ ಸುತ್ತ ಕೂತು ಯಾವಾಗ ಎಂದು ಕೇಳಿದರು. ಇವತ್ತು ಬೆಳಿಗ್ಗೆ, ಕೋಳಿ ಕೂಗುವ ಹೊತ್ತಿಗೆ, ಮೊದಲು ನೋಡಿದ್ದು ನಾನೇ ಎಂದು ಅಜ್ಜಿ ತಡವರಿಸದೆ ಹೇಳಿದಳು. ಎದುರುಮನೆಯ ಚಿಕ್ಕತಾಯಮ್ಮ ದಿನ ನಕ್ಷತ್ರ ಎಲ್ಲ ಕೂಡಿಸಿ ನೋಡಿ ಬೆರಗಾದಳು.

"ಒಳ್ಳೆ ದಿನ್ವೇ ನೋಡ್ಕಂಡ್ ಆಗವ್ಳೆ ಬುಡಕ್ಕ, ನಿನ್ ಮೊಮ್ಮಗ್ಳು."

ಅಜ್ಜಿ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗೆ ಇಟ್ಟುಕೊಂಡಳು.

"ಅದ್ನೇನ್ ನಾವ್ ಆರ್ಸ್ಕಳಕಾಯ್ತದಾ ಕಣಮ್ಮ," ಅಂದಳು. "ಅದ್ರ್ ಪಾಡ್ಗೆ ಅದು ಬತ್ತದೆ."